ಲಿಫ್ಟಿನಲ್ಲಿ ಕೇಳಿದ ಮೋಡದ ಪಾಠ

ಆರ್‌ಪಿಸಿ ಲೇಔಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನಷ್ಟು ಕೀಟಲೆ ಮಾಡಿದವರು ಇನ್ನೊಬ್ಬರಿಲ್ಲ. ಜಂಬವಲ್ಲ, ಅಸೋಸಿಯೇಷನ್ ಮೀಟಿಂಗಿನಲ್ಲೇ ಒಪ್ಪಿಕೊಂಡ ಮಾತು. ಲಿಫ್ಟಿನ ಅಲಾರಂ ಒತ್ತಿ, ಹೆಂಗಸರ ದನಿಯಲ್ಲಿ ಕಿರುಚಿ, ವಾಚ್‌ಮನ್ ಗೇಟಿನಿಂದ ಓಡಿ ಬಂದೊಡನೆ ಬಾಗಿಲು ತೆಗೆದು "ಕಾಫಿ ಆಯ್ತಾ?" ಎನ್ನುವುದು ನನ್ನ ವಾರದ ಕಾರ್ಯಕ್ರಮ.

ಹಾಗಾಗಿ ಈ ಬೇಸಿಗೆಯ ಒಂದು ಬೆಳಿಗ್ಗೆ ಲಿಫ್ಟು ನಿಜವಾಗಿಯೂ ಕೆಟ್ಟು ಒಂದನೇ ಮಹಡಿಗೆ ತುಸು ಕೆಳಗೆ ನಿಂತಾಗ ಯಾರೂ ಓಡಿ ಬರಲಿಲ್ಲ. ಜೊತೆಗಿದ್ದವಳು ನಾಲ್ಕನೇ ಮಹಡಿಯ ಬಾಡಿಗೆ ಹುಡುಗಿ, ಹುಬ್ಬಳ್ಳಿ ಕಡೆಯವಳು. ಹನ್ನೊಂದಕ್ಕೆ ಅವಳಿಗೆ ಪಿಎಚ್‌ಡಿ ಸೀಟಿನ ಆನ್‌ಲೈನ್ ಸಂದರ್ಶನ. ಲ್ಯಾಪ್‌ಟಾಪ್ ರೂಮಿನಲ್ಲಿ, ಅವಳು ಜೆರಾಕ್ಸ್ ಹಾಳೆ ಹಿಡಿದುಕೊಂಡು ಇಲ್ಲಿ. ಇಬ್ಬರ ಮೊಬೈಲಿಗೂ ಸಿಗ್ನಲ್ ಇಲ್ಲ. ಗಂಟೆ ಹತ್ತೂವರೆ.

ಅವಳು ಕೂಗಿಕೊಂಡಳು. ಕೆಳಗಿನಿಂದ ವಾಚ್‌ಮನ್ ನಗು ಕೇಳಿಸಿತು. "ಸಾರ್, ಈಗ ಹುಬ್ಳಿ ವಾಯ್ಸೂ ಕಲ್ತ್ರಾ? ಸೂಪರ್ ಬಿಡಿ!"

"ನಾ ಖರೇನ ಹುಡುಗಿ ಅದೀನ್ರೀ, ಅಣ್ಣಾರ!"

"ಹೂಂ ಕಣಮ್ಮ, ಹೂವ ತರ್ಲಾ?" ಅವನ ಕುರ್ಚಿ ಕಿರುಗುಟ್ಟಿತು. ಲಿಫ್ಟಿನ ಪಕ್ಕದಲ್ಲೇ ಕೂತು ಪೇಪರ್ ಮಗುಚುವ ಸದ್ದು ಕೇಳಿಸಿತು.

ಬಾಗಿಲು ಬಡಿದೆ, ಅಲಾರಂ ಒತ್ತಿದೆ, ದೇವರಾಣೆ ಅಂದೆ. ಪ್ರತಿ ಸಲವೂ ಅದೇ ನಗು. ಫ್ಯಾನು ನಿಂತಿತ್ತು. ಮೊಣಕೈ ಚಾಚಿದರೆ ತಗಡು, ಉಸಿರು ಬಿಟ್ಟರೆ ನನ್ನ ಮುಖಕ್ಕೇ ವಾಪಸು. ಹುಡುಗಿಯ ಕಣ್ಣು ತುಂಬಿತು. ಅಳು ಮರೆಸಲೆಂದು ಕೇಳಿದೆ, "ಯಾವುದರ ಮೇಲಮ್ಮ ಸಂದರ್ಶನ?"

"ಗೆಲಾಕ್ಸಿಗೋಳ ನಡುವಿನ ಅನಿಲದ ಮೋಡದ ಮ್ಯಾಲ, ಅಜ್ಜಾರ."

"ಅಲ್ಲೆಲ್ಲಾ ಖಾಲಿ ಅಲ್ವೇನಮ್ಮ?"

"ಖಾಲಿ ಅಂತಾರ, ಆದ್ರ ಹೈಡ್ರೋಜನ್ ಐತ್ರಿ. ಭಾಳ ಅಂದ್ರ ಭಾಳ ತೆಳು. ಕಣ್ಣಿಗೆ ಕಾಣಂಗಿಲ್ಲ."

"ಕಾಣದೆ ಇರೋದನ್ನ ಯಾರ್ ನಂಬ್ತಾರೆ? ಕೂಗೋ ನನ್ನನ್ನೇ ನಂಬ್ತಿಲ್ಲ!"

ಅವಳು ಮೂಗು ಒರೆಸಿಕೊಂಡಳು. "ಅದರ ಹಿಂದ, ದೂರದಾಗ, ಜೋರಾಗಿ ಬೆಳಗೋದು ಒಂದು ಇರ್ತೈತ್ರಿ. ಅದರ ಬೆಳಕು ಮೋಡ ದಾಟಿ ನಮ್ಮ ಕಡೆ ಬರೂವಾಗ ಕೆಲವು ಬಣ್ಣ ಅಲ್ಲೇ ಉಳದುಬಿಡ್ತಾವ. ಬರಬೇಕಾದ್ದು ಬರಲಿಲ್ಲ ಅಂದ್ರ, ನಡುವ ಏನೋ ಐತಿ ಅಂತ ಗೊತ್ತಾಗ್ತೈತಿ."

ಬರಬೇಕಾದ್ದು ಬರದಿದ್ದರೆ! ತುಟಿಯ ಮೇಲೆ ಬೆರಳಿಟ್ಟು ಅವಳನ್ನೂ ಸುಮ್ಮನಾಗಿಸಿದೆ.

ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದವನಲ್ಲ. ಲಿಫ್ಟಿಗಿಂತ ಅದೇ ಹೆಚ್ಚು ಉಸಿರುಗಟ್ಟಿಸಿತು. ಬೆವರು ಕಣ್ಣಿಗಿಳಿಯಿತು. ಹತ್ತು ಐವತ್ತು.

ಕುರ್ಚಿ ಕಿರುಗುಟ್ಟಿತು. "ಸಾರ್?"

ನಾಲಿಗೆ ತುದಿಯಲ್ಲಿ ಒಳ್ಳೆಯ ಉತ್ತರವೊಂದು ಕುಣಿಯುತ್ತಿತ್ತು. ನುಂಗಿಕೊಂಡೆ.

"ಸಾರ್, ಇದೀರಾ? ಏನಾದ್ರೂ ಅನ್ನಿ ಸಾರ್!"

ಚಪ್ಪಲಿ ಓಡುವ ಸದ್ದು, ಬೀಗದಕೈ ಗೊಂಚಲಿನ ಸದ್ದು. ಒಂದನೇ ಮಹಡಿಯ ಬಾಗಿಲು ಸರಿಯಿತು. ಹುಡುಗಿ ನನ್ನ ತೊಡೆಯ ಮೇಲೆ ಕಾಲಿಟ್ಟು ಮೇಲೆ ಹತ್ತಿ, ತಿರುಗಿಯೂ ನೋಡದೆ ಮೆಟ್ಟಿಲೇರಿ ಓಡಿದಳು. ಅವಳ ಬಾಗಿಲು ಧಡ್ಡನೆ ಮುಚ್ಚಿಕೊಂಡಾಗ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ.

ವಾಚ್‌ಮನ್ ನನ್ನನ್ನೂ ಮೇಲಕ್ಕೆಳೆದು ಕೂರಿಸಿದ. "ಇನ್ಮೇಲೆ ಹಂಗೆ ಸುಮ್ನಾಗ್ಬೇಡಿ ಸಾರ್. ಬೈದ್ರೂ ಪರವಾಗಿಲ್ಲ, ಕೂಗ್ತಾನೇ ಇರಿ."

ಅವನಿಗೆ ಮಾತು ಕೊಟ್ಟೆ.