ಆನೆಯ ಹಣೆಗೆ ಭಂಡಾರ

ಬೈಲಹೊಂಗಲದ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮುಂದೆ ಕುಳಿತು ಹೊಲದ ಉತಾರ, ಆಧಾರ್ ಕಾರ್ಡು, ಹಾಲ್ ಟಿಕೆಟ್ಟುಗಳ ನಕಲು ತೆಗೆಯುತ್ತೇನೆ. ಹಿಂದಿನ ಕಪಾಟಿನಲ್ಲಿ ಹಳೆಯ ಕಾಮಿಕ್ಸ್ ಪುಸ್ತಕಗಳಿವೆ. ಒಂದು ಕಾಲಕ್ಕೆ ಮಕ್ಕಳು ಓದಿ ಎಸೆದ ಚಿತ್ರಕಥೆಗಳು. ಈಗ ತಲೆ ನರೆತವರು ಅವನ್ನು ಹುಡುಕಿಕೊಂಡು ಬರುತ್ತಾರೆ. ನಾನು ಕೊಳ್ಳುತ್ತೇನೆ, ಮಾರುತ್ತೇನೆ, ದರ್ಜೆ ಹಾಕುತ್ತೇನೆ. ಕೊಳ್ಳುವುದು ಮಾರುವುದು ಹೇಗೋ ನಡೆದುಹೋಗುತ್ತದೆ. ದರ್ಜೆ ಹಾಕುವ ಹೊತ್ತಿಗೆ ಮಾತ್ರ ನನ್ನ ತಲೆ ಕೆಡುತ್ತದೆ.

ದರ್ಜೆಯ ನಿಯಮ ಅಷ್ಟೇನೂ ಕಷ್ಟದ್ದಲ್ಲ. ಪುಸ್ತಕ ಅಚ್ಚಾಗಿ ಬಂದ ದಿನ ಹೇಗಿತ್ತೋ ಹಾಗೇ ಇದ್ದರೆ ಅದು ಮಿಂಟ್. ಮೂಲೆ ಮಡಚಿದರೆ, ಬೆನ್ನು ಬಿರಿದರೆ, ಪಿನ್ನಿಗೆ ತುಕ್ಕು ಹಿಡಿದರೆ, ಯಾರಾದರೂ ಹೆಸರು ಬರೆದಿದ್ದರೆ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ಒಟ್ಟಿನಲ್ಲಿ ಯಾರೂ ಮುಟ್ಟದ, ಯಾರೂ ಓದದ ಪುಸ್ತಕವೇ ಎಲ್ಲಕ್ಕಿಂತ ಮೇಲು. ಅಂಥ ಪುಸ್ತಕ ನಮ್ಮ ತಾಲೂಕುಗಳಲ್ಲಿ ಎಲ್ಲಿ ಸಿಗಬೇಕು? ನಮ್ಮ ಕಡೆ ಒಂದು ಮನೆಗೆ ಪುಸ್ತಕ ಬಂದರೆ ಇಡೀ ಓಣಿಯೇ ಅದನ್ನು ಓದುತ್ತದೆ.

ಕಿತ್ತೂರಿನ ಒಬ್ಬರ ಅಟ್ಟದಿಂದ ಒಂದು ಗಂಟು ತಂದಿದ್ದೆ. ಅದರಲ್ಲಿದ್ದ ರಾಜಕುಮಾರಿಯರಿಗೆಲ್ಲ ಮೀಸೆ ಬಂದಿತ್ತು. ಚುಕ್ಕಿ ಕೂಡಿಸುವ ಪುಟಗಳಲ್ಲಿ ಚುಕ್ಕಿ ಕೂಡಿಸಿಯಾಗಿತ್ತು, ಅದೂ ತಪ್ಪಾಗಿ. ಸವದತ್ತಿಯಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಯವರೊಬ್ಬರು ದಬ್ಬಣದಿಂದ ತೂತು ಹೊಡೆದು, ಗೋಣಿಚೀಲ ಹೊಲಿದ ಹಾಗೆ ಸುತಳಿಯಿಂದ ಎಲ್ಲವನ್ನೂ ಹೊಲಿದಿಟ್ಟಿದ್ದರು. ಸಂಗೊಳ್ಳಿಯಿಂದ ಬಂದ ಒಂದು ಪ್ರತಿಯ ಮುಖಪುಟ ಮಾತ್ರ ಥಳಥಳ ಹೊಳೆಯುತ್ತಿತ್ತು. ಖುಷಿಯಿಂದ ತೆರೆದರೆ ಒಳಗೆ ಗಿರಮಿಟ್ಟಿನ ಎಣ್ಣೆ. ಪುಟದಿಂದ ಪುಟಕ್ಕೆ ಇಳಿದು ಕೊನೆಯ ಜಾಹೀರಾತಿನವರೆಗೂ ಹೋಗಿತ್ತು. ಯಾರ ಮೇಲೆ ಸಿಟ್ಟು ಮಾಡುವುದು? ಅದನ್ನು ತಿನ್ನುತ್ತ ಓದಿದವನು ಈಗ ಅಜ್ಜನಾಗಿರುತ್ತಾನೆ. ಆದರೂ ಅವನು ಸಿಕ್ಕಿದ್ದರೆ ಎರಡು ಮಾತು ಆಡುತ್ತಿದ್ದೆ.

ಇಂಥ ಪುಸ್ತಕಗಳ ಹುಚ್ಚು ಹಿಡಿದವರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಬೆಂಗಳೂರಿನ ಹಿರಿಯರೊಬ್ಬರ ಮಾತೇ ಕೊನೆಯ ಮಾತು. ನಮ್ಮ ಕಡೆ ಸಿಕ್ಕ ಯಾವ ಪ್ರತಿಯ ಫೋಟೊ ಹಾಕಿದರೂ ಅವರು ಅದನ್ನು ಹಿಗ್ಗಿಸಿ ನೋಡಿ, ಒಂದು ಕಲೆ ಹುಡುಕಿ, "ನಿಮ್ಮ ಕಡೆ ಮಾಲು ಅಂದ್ರೆ ಇಷ್ಟೇ ಬಿಡಿ ಸಾರ್" ಎಂದು ಬರೆಯುತ್ತಿದ್ದರು. ಉಳಿದವರು ನಗುವ ಮುಖಗಳನ್ನು ಹಚ್ಚುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಹೇಳಿದ್ದು ಸುಳ್ಳಲ್ಲ ಎನ್ನುವುದೇ ಇನ್ನೂ ಹೆಚ್ಚು ಉರಿಸುತ್ತಿತ್ತು. ಒಂದೇ ಒಂದು ಸಲ, ನಮ್ಮ ಕಡೆಯ ಒಂದೇ ಒಂದು ಮಿಂಟ್ ಪ್ರತಿಯನ್ನು ಅವರ ಮುಖಕ್ಕೆ ಹಿಡಿಯಬೇಕು ಎನ್ನುವುದು ನನ್ನ ಹಟವಾಗಿಬಿಟ್ಟಿತು.

ಯಾವ ಪುಸ್ತಕ ಎಂಬುದೂ ಗೊತ್ತಿತ್ತು. ನಾನು ಅಕ್ಷರ ಕಲಿಯುವ ಮೊದಲೇ ನಿಂತುಹೋದ ಒಂದು ಮಾಲಿಕೆ ಅದು. ಬಾವಿಯೊಳಗಿಂದ ಒಂದು ನೀಲಿ ಆನೆ ಬರುತ್ತದೆ, ಅದರ ಕಥೆ. ಎರಡನೆಯ ಸಂಚಿಕೆಯಿಂದ ಕೊನೆಯದರವರೆಗೆ ಮೈಸೂರು, ಮಂಗಳೂರು ಎಂದು ಎಲ್ಲೆಲ್ಲಿಂದಲೋ ಶುದ್ಧ ಪ್ರತಿಗಳನ್ನು ತರಿಸಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಿಂದೆ ರಟ್ಟು ಕೊಟ್ಟು, ಬಾಯಿಗೆ ಟೇಪು ಹಚ್ಚಿ ಇಟ್ಟಿದ್ದೆ. ಬೆನ್ನು ಬಿರಿದೀತೆಂದು ನಾನೂ ತೆರೆದು ಓದಿರಲಿಲ್ಲ. ಮೊದಲನೆಯ ಸಂಚಿಕೆ ಮಾತ್ರ ಗುಂಪಿನಲ್ಲಿ ಯಾರ ಬಳಿಯೂ ಚೊಕ್ಕವಾಗಿ ಇರಲಿಲ್ಲ.

ಅದು ಕಟಕೋಳದಲ್ಲಿದೆ ಎಂದು ಗೊತ್ತಾದದ್ದು ಪಿಂಚಣಿ ಕಾಗದಗಳ ನಕಲಿಗೆ ಬಂದ ನಿವೃತ್ತ ಮಾಸ್ತರರೊಬ್ಬರಿಂದ. ನನ್ನ ಕಪಾಟು ನೋಡಿ ಅವರು, "ಇಂಥಾದ್ದೊಂದು ನಮ್ಮ ಸಾಲಿ ಅಕ್ಕೋರ ಹತ್ರ ಐತಿ ನೋಡ್ರಿ. ಟ್ರಂಕಿನ್ಯಾಗ ಇಟ್ಟಾರ. ಯಾರಿಗೂ ಮುಟ್ಟಗೊಡೂದಿಲ್ಲ" ಎಂದರು. ಯಾರಿಗೂ ಮುಟ್ಟಗೊಡುವುದಿಲ್ಲ! ಈ ಮಾತಿಗೆ ನಾನು ಆ ದಿನ ಅಂಗಡಿಯ ಶಟರ್ ಅರ್ಧ ಎಳೆದು ಹೆಂಡತಿಯನ್ನು ಕೂರಿಸಿ ಹೊರಟೇಬಿಟ್ಟೆ. ಮುರಗೋಡ ದಾಟಿ, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಕಟಕೋಳ ಮುಟ್ಟಿದೆ.

ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸಿದ ಹೆಣ್ಣುಮಕ್ಕಳು. ಇವರು ನಿವೃತ್ತರಾಗಿ ತಮ್ಮನ ತುಂಬಿದ ಮನೆಯಲ್ಲಿ ಇದ್ದರು. ಕಣ್ಣಿಗೆ ಪೊರೆ ಬಂದಿತ್ತು, ದನಿ ಮಾತ್ರ ಇಡೀ ವರ್ಗಕ್ಕೆ ಕೇಳುವಂತಿತ್ತು. ಟ್ರಂಕಿನಿಂದ ಹಳೆಯ ಪತ್ತಲದಲ್ಲಿ ಸುತ್ತಿದ್ದ ಪುಸ್ತಕ ತೆಗೆದು ತೋರಿಸಿದರು. ನಾನು ಬಾಗಿ ನೋಡಿದೆ. ಮುಖಪುಟದಲ್ಲಿ ಬಾವಿಯ ಕಟ್ಟೆ, ಇಣುಕುತ್ತಿರುವ ಹುಡುಗಿ, ಮೇಲೆ ಬರುತ್ತಿರುವ ನೀಲಿ ಆನೆ. ಮೂಲೆಗಳು ಚೂಪಾಗಿದ್ದವು, ಪಿನ್ನು ಹೊಳೆಯುತ್ತಿತ್ತು. ಮಿಂಟ್. ಕಟಕೋಳದಲ್ಲಿ!

"ಇದು ನಂದಲ್ಲ, ತಮ್ಮಾ" ಎಂದರು ಅಕ್ಕೋರು. "ವರ್ಗಕ್ಕ ಮೊದಲ ಬಂದಾಕಿಗೆ ಬಹುಮಾನ ಅಂತ ನಾನ ತಂದಿದ್ನಿ. ಕೊಡೋದ್ರಾಗ ಆಕಿ ಮನಿಯವರು ಕಬ್ಬು ಕಡಿಯಾಕ ಹೋದ್ರು. ಆಕಿ ತಿರುಗಿ ಸಾಲಿಗೆ ಬರಲೇ ಇಲ್ಲ. ಮಂದೀ ಬಹುಮಾನ ನಾ ಹ್ಯಾಂಗ ತಗದು ಓದ್ಲಿ?"

ಓದಿಲ್ಲ, ಓದಲೂ ಬಿಟ್ಟಿಲ್ಲ. ಇಂಥ ಮನುಷ್ಯರು ಇರುತ್ತಾರೆಂದು ನಾನು ನಂಬಿರಲಿಲ್ಲ. ಬೆಲೆ ಕೇಳಿದೆ. "ಬಹುಮಾನ ಮಾರತಾರೇನು?" ಎಂದು ಗದರಿದರು. ಮತ್ತೆ ಹೋದೆ, ಕರದಂಟು ತೆಗೆದುಕೊಂಡು. ಕರದಂಟು ಮಕ್ಕಳ ಪಾಲಾಯಿತು, ಪುಸ್ತಕ ಟ್ರಂಕಿನಲ್ಲೇ ಉಳಿಯಿತು. ಮತ್ತೊಮ್ಮೆ ಹೋದಾಗ ಅವರು ಮದುವೆಗೆಂದು ರಾಮದುರ್ಗಕ್ಕೆ ಹೋಗಿದ್ದರು. ಹೆಂಡತಿ, "ಒಂದ ಬುಕ್ಕಿನ ಸಲುವಾಗಿ ಎಷ್ಟು ತಿರಗತೀರಿ? ನನ್ನ ನೋಡಾಕೂ ಇಷ್ಟು ಸಲ ಬಂದಿರಲಿಲ್ಲ ನೀವು" ಎಂದು ಹಂಗಿಸಿದಳು.

ಆಮೇಲೆ ಒಂದು ದಿನ ಅಕ್ಕೋರೇ ಫೋನ್ ಮಾಡಿದರು. ಆ ಮದುವೆಯಲ್ಲಿ ಅವರಿಗೆ ಅದೇ ಹುಡುಗಿ ಸಿಕ್ಕಿದ್ದಳಂತೆ. ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ. "ನಿನ್ನ ಬಹುಮಾನ ಐತಿ, ಒಯ್ಯವ್ವಾ ಅಂದ್ರ ನಕ್ಕಳು. ಇರ್ಲಿ ಬಿಡ್ರೀ ಅಕ್ಕೋರ, ಯಾರರೆ ಓದೋರಿಗೆ ಕೊಟ್ಟುಬಿಡ್ರಿ ಅಂದ್ಳು. ನೀ ಓದತೀಯಿಲ್ಲೋ?"

"ಹೂಂನ್ರೀ, ಓದತೇನಿ" ಎಂದೆ. ಫೋನಿಟ್ಟವನೇ ಗುಂಪಿನಲ್ಲಿ ಬರೆದೆ: ನೀಲಿ ಆನೆ ಒಂದನೇ ಸಂಚಿಕೆ ಬರುತ್ತಿದೆ, ಮಿಂಟ್, ನಮ್ಮ ಕಡೆಯದು. ಬೆಂಗಳೂರಿನ ಹಿರಿಯರು, "ಫೋಟೊ ಬರಲಿ ಸಾರ್, ನೋಡೋಣ" ಎಂದರು. ನೋಡಲಿ, ಕಣ್ಣು ತುಂಬ ನೋಡಲಿ ಎಂದುಕೊಂಡೆ.

ಪುಸ್ತಕ ತರಲು ಕಟಕೋಳಕ್ಕೆ ಹೋದ ದಿನ ಹೊಸ ಪ್ಲಾಸ್ಟಿಕ್ ಚೀಲ, ರಟ್ಟು, ಕೈಗೆ ಹಾಕಲು ಬಿಳಿ ಗವಸು ಎಲ್ಲ ಒಯ್ದಿದ್ದೆ. ಗವಸು ಹಾಕಿದರೂ ಕೈ ತೊಳೆದಿರಬೇಕು ಎನ್ನುವುದು ನನ್ನ ಪದ್ಧತಿ. ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ, ಬೆರಳ ಸಂದಿ ಸಂದಿ ಒರೆಸಿಕೊಂಡೆ. ತಿರುಗಿ ಬಂದು ನೋಡಿದರೆ ಪುಸ್ತಕ ದೇವರ ಜಗಲಿಯ ಮುಂದೆ ಮಣೆಯ ಮೇಲಿತ್ತು.

ನಮ್ಮ ಕಡೆ ಮನೆ ಬಿಟ್ಟು ಹೋಗುವುದನ್ನು ಯಾರೂ ಸುಮ್ಮನೆ ಕಳಿಸುವುದಿಲ್ಲ. ಎಮ್ಮೆ ಮಾರಿದರೂ, ಹಳೆಯ ಟ್ರ್ಯಾಕ್ಟರ್ ಕೊಟ್ಟರೂ ಸವದತ್ತಿ ಯಲ್ಲಮ್ಮನ ಅರಿಸಿನದ ಭಂಡಾರ, ಕುಂಕುಮ ಹಚ್ಚಿಯೇ ಹೊಸಲು ದಾಟಿಸುತ್ತಾರೆ. ಇದು ನನಗೆ ಗೊತ್ತಿರದ ವಿಷಯವೇ? ನನ್ನ ಜೆರಾಕ್ಸ್ ಯಂತ್ರದ ಮೇಲೂ ಆ ಹಳದಿ ಇದೆ. ಮುಟ್ಟಬೇಡಿ, ತೆರೆಯಬೇಡಿ, ಮಡಚಬೇಡಿ ಎಂದೆಲ್ಲ ಅಕ್ಕೋರಿಗೆ ಹೇಳಿದ್ದವನಿಗೆ, ಭಂಡಾರ ಹಚ್ಚಬೇಡಿ ಎಂದು ಹೇಳಬೇಕೆನ್ನುವುದು ಹೊಳೆದಿರಲಿಲ್ಲ.

ಅಕ್ಕೋರು ಭಂಡಾರಕ್ಕೆ ನೀರು ಬೆರೆಸಿ, ಹೆಬ್ಬೆರಳಿನಿಂದ ಮುಖಪುಟದ ಉದ್ದಕ್ಕೂ ಎಳೆದಿದ್ದರು. ಕಣ್ಣು ಮಂಜಾಗಿದ್ದರೂ ಕುಂಕುಮ ಮಾತ್ರ ಸರಿಯಾಗಿ ಆನೆಯ ಹಣೆಗೇ ಬಿದ್ದಿತ್ತು. ಅದೇ ಬೆರಳಿನಿಂದ ನನ್ನ ಹಣೆಗೂ ಹಚ್ಚಿದರು.

"ತಗೋ ತಮ್ಮಾ. ಇಷ್ಟು ವರ್ಷ ಆದ ಮ್ಯಾಲರೆ ನನ್ನ ಕೈಲೆ ಬಹುಮಾನ ಕೊಟ್ಟಂಗಾತು" ಎಂದು ಎರಡೂ ಕೈಯಿಂದ ಕೊಟ್ಟು ಚಪ್ಪಾಳೆ ತಟ್ಟಿದರು. ಮನೆಯ ಮಕ್ಕಳೂ ತಟ್ಟಿದವು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಬಸ್ಸಿನಲ್ಲಿ ಅಳುವುದೊಂದು ಬಾಕಿ. ಅಂಗಡಿಗೆ ಬಂದು ಮೆತ್ತನೆಯ ಕುಂಚದಿಂದ ಉದುರಿಸಿದೆ. ಪುಡಿ ಹೋಯಿತು, ಬಣ್ಣ ನಿಂತಿತು. ರಬ್ಬರು ತೆಗೆದುಕೊಂಡಾಗ ಹೆಂಡತಿ ಕೈ ಹಿಡಿದಳು. "ಅಮ್ಮನ ಭಂಡಾರ ಐತ್ರಿ ಅದು, ಅಳಸ್ತಾರೇನು?" ನಾನು ಅವಳ ಮೇಲೆ ಹಾರಿಬಿದ್ದೆ. ಅವಳು ನನಗಿಂತ ಜೋರಾಗಿ ನನ್ನ ಮೇಲೆ ಹಾರಿಬಿದ್ದಳು. ಕೊನೆಗೆ ಹಾಗೇ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಹಾಕದೆ ಬೇರೆ ದಾರಿ ಇರಲಿಲ್ಲ, ಡಂಗುರ ಸಾರಿಯಾಗಿತ್ತಲ್ಲ. ಬೆಂಗಳೂರಿನ ಹಿರಿಯರು ಈ ಸಲ ಹಿಗ್ಗಿಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ಪೂಜೆ ಚೆನ್ನಾಗಿ ಆಗಿದೆ ಸಾರ್. ನಿಮ್ಮ ಕಡೆ ಮಾಲು" ಎಂದು ಬರೆದರು. ನಗುವ ಮುಖಗಳು ಸಾಲುಗಟ್ಟಿ ಬಂದವು. ನಾನು ಫೋನನ್ನು ಕವುಚಿ ಹಾಕಿದೆ. ಚೀಲಕ್ಕೆ ಹಾಕುವ ಮನಸ್ಸೂ ಆಗದೆ ಪುಸ್ತಕವನ್ನು ಕಾಗದದ ರೀಮುಗಳ ಮೇಲೆ ಒಗೆದೆ.

ವಾರದೊಳಗೆ ಅಕ್ಕೋರ ಫೋನು ಬಂತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಕರೆಂಟೂ ಇರಲಿಲ್ಲ.

"ಓದಿದೇನೋ ತಮ್ಮಾ?"

"ಇನ್ನೂ ಇಲ್ರೀ."

"ಯಾಕ? ಆನಿ ಬಾವ್ಯಾಗ ಯಾಕ ಬಿದ್ದಿತ್ತು? ಇಷ್ಟು ವರ್ಷ ಅದ ವಿಚಾರ ಮಾಡೇನಿ ನೋಡು. ಟ್ರಂಕು ತಗದಾಗೊಮ್ಮೆ ಆ ಚಿತ್ರ ನೋಡ್ತಿದ್ನಿ, ಇಟ್ಟುಬಿಡತಿದ್ನಿ. ಈಗ ನಿಂದಾತಲ್ಲ, ನೀ ಹೇಳಬೇಕಪಾ."

ಆ ಸಂಚಿಕೆಯ ಕಾಗದದ ದಪ್ಪ ನನಗೆ ಗೊತ್ತಿತ್ತು. ಪಿನ್ನು ಎಷ್ಟು, ಮುಖಪುಟದ ನೀಲಿ ಯಾವ ಮುದ್ರಣದಲ್ಲಿ ಮಾಸಲು, ಯಾವುದರಲ್ಲಿ ಗಾಢ ಎಂಬುದೂ ಗೊತ್ತಿತ್ತು. ಆನೆ ಬಾವಿಗೆ ಯಾಕೆ ಬಿತ್ತೆಂದು ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ರೇಗಿತು. ಅಕ್ಕೋರ ಮೇಲೂ ರೇಗಿತು. ಪುಸ್ತಕ ಕೆಡಿಸಿದ್ದಲ್ಲದೆ ಈಗ ಪರೀಕ್ಷೆಯನ್ನೂ ಮಾಡುತ್ತಿದ್ದಾರೆ! ಸಾಲಿ ಬಿಟ್ಟರೂ ಸಾಲಿಯವರ ಬುದ್ಧಿ ಬಿಡುವುದಿಲ್ಲ.

"ತಡೀರಿ, ಓದಿ ಹೇಳತೇನಿ" ಎಂದು ರೀಮುಗಳ ಮೇಲಿಂದ ಪುಸ್ತಕ ತೆಗೆದೆ. ಬೆವರಿದ ಬೆರಳಿಗೆ ಮುಖಪುಟದ ಹಳದಿ ಹತ್ತಿತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದು ತೆರೆದೆ. ಪುಸ್ತಕದ ಬೆನ್ನು ಚಟ್ ಎಂದಿತು. ಇನ್ನೊಂದು ಮೆಟ್ಟಿಲು ಕೆಳಗೆ.

ಬರೆದದ್ದನ್ನು ಓದಿದರೆ ಅವರಿಗೆ ಸಾಲುತ್ತಿರಲಿಲ್ಲ. "ಚಿತ್ರದಾಗ ಏನೈತಿ ಅದನ್ನೂ ಹೇಳು" ಎನ್ನುತ್ತಿದ್ದರು. ಪುಟವನ್ನು ಅಂಗೈಯಿಂದ ಒತ್ತಿ ಅಗಲಿಸಿ ಹೇಳಿದೆ. ಆನೆ ಬಾವಿಗೆ ಬಿದ್ದಿರಲಿಲ್ಲ, ಅದು ಬಾವಿಯ ತಳದಲ್ಲೇ ಹುಟ್ಟಿ ಬೆಳೆದದ್ದು. ಬಾವಿಯ ಬಾಯಿಗಿಂತ ದಪ್ಪಗಾಗಿಬಿಟ್ಟಿದೆ, ಅದಕ್ಕೇ ಹೊರಗೆ ಬರಲಾಗುತ್ತಿಲ್ಲ. ಕೊನೆಯ ಚಿತ್ರದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದೆ. ಹುಡುಗಿ ಸೊಂಡಿಲು ಹಿಡಿದು ಜಗ್ಗುತ್ತಿದ್ದಾಳೆ. ಅಲ್ಲಿಗೆ ಆ ಸಂಚಿಕೆ ಮುಗಿದಿತ್ತು.

ಆ ಕಡೆಯಿಂದ ಅಕ್ಕೋರು ಕೇಳಿದರು.

"ಮುಂದ? ಹೊರಗ ಬಂತೋ ಇಲ್ಲೋ?"

ನನಗೂ ಗೊತ್ತಿಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಕಪಾಟಿನಲ್ಲಿ ಎರಡನೆಯ ಸಂಚಿಕೆ ನಿಂತಿತ್ತು. ಮೈಸೂರಿನ ಪ್ರತಿ. ಅದರ ಫೋಟೊ ನೋಡಿ ಬೆಂಗಳೂರಿನ ಹಿರಿಯರು ಅದೊಂದೇ ಸಲ ಕಲೆ ಹುಡುಕಿರಲಿಲ್ಲ. ನನ್ನ ಬಳಿಯಿದ್ದ ಎಲ್ಲಕ್ಕಿಂತ ಚೊಕ್ಕ ಪುಸ್ತಕ ಅದು.

"ಇದ್ದೀಯೇನೋ ತಮ್ಮಾ? ಮುಂದಿಂದು ನಿನ್ನ ಹತ್ರ ಐತಿಲ್ಲೋ?"

"ಐತ್ರೀ ಅಕ್ಕೋರ, ತಡೀರಿ" ಎಂದು ಸಿಡುಕಿದೆ. ಗವಸು ಹುಡುಕಲಿಲ್ಲ. ಭಂಡಾರ ಹತ್ತಿದ ಹಳದಿ ಬೆರಳುಗಳಿಂದಲೇ ಆ ಚೀಲದ ಟೇಪು ಕಿತ್ತೆ.