ಕಸದ ಬುಟ್ಟಿ ಖಾಲಿ ಮಾಡಿದವನು ನಾನು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಅಷ್ಟೇ ಸಲ ಮುಂದೂಡಿದೆ. ನಿವೃತ್ತಿಯಾದ ಮೇಲೆ ಹೇಳೋಣ ಎಂದುಕೊಂಡೆ. ನಿವೃತ್ತನಾಗಿ ಎಂಟು ವರ್ಷವಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ಈಗ ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿವೆ. ಇನ್ನು ಯಾವ ನೆಪವೂ ಉಳಿದಿಲ್ಲ.

ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಮೇಲೊಂದು ಟೈಪಿಂಗ್ ಪರೀಕ್ಷೆ. ತೊಂಬತ್ತರ ದಶಕದ ಮಧ್ಯದಲ್ಲಿ ನಮ್ಮ ಆಫೀಸಿಗೆ ಕಪ್ಪು ಪರದೆಯ ಕಂಪ್ಯೂಟರ್ ಬಂತು. ಅದಕ್ಕೆ ಕೊಡಬೇಕಾದ ಆಜ್ಞೆಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡು, ಎರಡು ವರ್ಷ ಹೆಣಗಿ ಕಲಿತೆ. ಹೆಸರು ಟೈಪ್ ಮಾಡಿದರೆ ಫೈಲು ಬರುತ್ತಿತ್ತು. ಅಷ್ಟಕ್ಕೇ ನನಗೆ ಜಂಬ ಬಂದಿತ್ತು.

ಆಮೇಲೆ ಮೌಸ್ ಇರುವ ಹೊಸ ಕಂಪ್ಯೂಟರ್ ಬಂತು. ಪರದೆಯ ತುಂಬ ಪುಟ್ಟ ಪುಟ್ಟ ಚಿತ್ರಗಳು. ನನ್ನ ಕ್ಯಾಲೆಂಡರ್ ಒಂದೇ ದಿನದಲ್ಲಿ ನಿರುಪಯೋಗಿಯಾಯಿತು. ಅದರ ಜೊತೆಗೇ ಟೈಪಿಸ್ಟ್ ಕೆಲಸಕ್ಕೆ ಜೀವನ್ ಬಿಮಾ ನಗರದ ಒಬ್ಬ ಹುಡುಗಿ ಸೇರಿದಳು. ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ನನಗೆ ಅನುಕೂಲವಾಗಲೆಂದು ಆ ಫೈಲಿನ ಚಿತ್ರವೊಂದನ್ನು ಪರದೆಯ ಮುಂಭಾಗದಲ್ಲೇ ಇಟ್ಟಳು. ಅದರ ಮೂಲೆಯಲ್ಲಿ ಸಣ್ಣ ಬಾಣದ ಗುರುತಿತ್ತು.

"ಸರ್, ಇದನ್ನ ಎರಡು ಸಲ ಒತ್ತಿ, ಫೈಲ್ ಓಪನ್ ಆಗುತ್ತೆ. ಯಾಕೆ ಅಂತ ಹೇಳ್ಲಾ?"

"ಗೊತ್ತಮ್ಮಾ, ಗೊತ್ತು" ಎಂದೆ. ನನಗೆ ಗೊತ್ತಿರಲಿಲ್ಲ.

ಆ ಆಫೀಸಿನಲ್ಲಿ ಮೂರನೆಯವರು ಆಯಮ್ಮ. ರಾಯಚೂರು ಕಡೆಯವರು, ಕೃಷ್ಣರಾಜಪುರದಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ಬೆಳಗಿನ ರೈಲು ಹಿಡಿದು ಬಂದು ನಾವು ಬರುವುದರೊಳಗೆ ಗುಡಿಸಿ, ಒರೆಸಿ, ನನ್ನ ಹೂಜಿಗೆ ನೀರು ತುಂಬಿಸಿಡುತ್ತಿದ್ದರು. ಸಂಜೆ ಕಸದ ಬುಟ್ಟಿ ಖಾಲಿ ಮಾಡಿ ಹೋಗುತ್ತಿದ್ದರು. ಜೂನ್‌ನಿಂದ ಅವರನ್ನು ಆಫೀಸಿನ ಕೆಲಸಕ್ಕೇ ಕಾಯಂ ಮಾಡುವುದಾಗಿ ಹೆಡ್‌ಮಿಸ್ ಮಾತು ಕೊಟ್ಟಿದ್ದರು.

ಮಾರ್ಚ್ ಕೊನೆಯಲ್ಲಿ ಬೀರು ಚೊಕ್ಕಟ ಮಾಡುವುದು ನನ್ನ ಬಹುಕಾಲದ ಪದ್ಧತಿ. ಮೂಲ ಕಾಗದ ಇಟ್ಟುಕೊಂಡು ಕಾರ್ಬನ್ ಪ್ರತಿಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಆ ವರ್ಷ ಕಂಪ್ಯೂಟರನ್ನೂ ಚೊಕ್ಕಟ ಮಾಡೋಣ ಎನ್ನಿಸಿತು. ಒಂದು ಸಂಜೆ ಒಬ್ಬನೇ ಕೂತು ನೋಡಿದರೆ, ರಿಜಿಸ್ಟರ್ ಫೈಲು ಅದೇ ಹೆಸರಿನಲ್ಲಿ ಎರಡು ಕಡೆ ಇದೆ! ಮುಂಭಾಗದಲ್ಲಿ ಒಂದು, ಒಳಗಿನ ಫೋಲ್ಡರಿನಲ್ಲಿ ಇನ್ನೊಂದು. ಮುಂದಿರುವುದು ಮೂಲ, ಒಳಗಿರುವುದು ಕಾರ್ಬನ್ ಎಂದು ತೀರ್ಮಾನಿಸಿ ಒಳಗಿನದನ್ನು ಅಳಿಸಿದೆ. ಪರದೆಯ ಮೇಲಿದ್ದ ಕಸದ ಬುಟ್ಟಿ ತುಂಬಿದಂತೆ ಕಂಡಿತು. ಅದನ್ನೂ ಖಾಲಿ ಮಾಡಿ, ಕೈ ತೊಳೆದುಕೊಂಡು ಮನೆಗೆ ಹೋದೆ. ತೃಪ್ತಿಯಾಗಿತ್ತು.

ಮರುದಿನ ಟೈಪಿಸ್ಟ್ ಬಾಣದ ಚಿತ್ರವನ್ನು ಒತ್ತಿದಳು. ಪರದೆಯಲ್ಲಿ ಒಂದು ಟಾರ್ಚು ಅತ್ತಿತ್ತ ಬೆಳಕು ಬೀರುತ್ತ ಹುಡುಕತೊಡಗಿತು. ಹುಡುಕಿತು, ಹುಡುಕಿತು, ಏನೂ ಸಿಗಲಿಲ್ಲ. ಅವಳು ಒಳಗಿನ ಫೋಲ್ಡರನ್ನೂ ಕಸದ ಬುಟ್ಟಿಯನ್ನೂ ತೆರೆದು ನೋಡಿದಳು, ಎರಡರಲ್ಲೂ ಇರಲಿಲ್ಲ. ಜನವರಿ ಕೊನೆಯವರೆಗಿನ ಕೆಲಸ ಒಂದು ಫ್ಲಾಪಿಯಲ್ಲಿತ್ತು. ಮುಂದಿನ ಎರಡು ತಿಂಗಳ ಕೆಲಸ ಹೋಗಿತ್ತು. ನಾನು ಏನು ಮಾಡಿದ್ದೆ ಎಂಬುದು ಆ ಟಾರ್ಚು ಆಡುತ್ತಿರುವಾಗಲೇ ನನಗೆ ಅರ್ಥವಾಯಿತು.

ಹೆಡ್‌ಮಿಸ್ ಬಂದರು. "ಏನ್ರೀ ಇದು? ಯಾರ್ರೀ ಮುಟ್ಟಿದ್ದು ಇದನ್ನ?"

ನನ್ನ ಬಾಯಿಂದ ಬಂದದ್ದು ಇಷ್ಟು: "ಬೆಳಿಗ್ಗೆ ಆಯಮ್ಮ ಒದ್ದೆ ಬಟ್ಟೇಲಿ ಕೀಬೋರ್ಡ್ ಒರೆಸ್ತಾ ಇದ್ರು, ಮೇಡಂ."

ಅದು ಸುಳ್ಳಲ್ಲ. ಅಂದು ಬೇಗ ಬಂದಿದ್ದ ನಾನೇ ನೋಡಿದ್ದೆ. ನಿಜವನ್ನೇ ಎತ್ತಿ ಒಬ್ಬರ ತಲೆಗೆ ಕಟ್ಟಿದೆ.

ಆಯಮ್ಮನನ್ನು ಕರೆಸಿದರು. "ಹೌದ್ರಿ, ಒರಸೀನ್ರಿ. ಧೂಳ ಭಾಳ ಕುಂತಿತ್ರಿ" ಎಂದವರು ನನ್ನ ಕಡೆ ತಿರುಗಿದರು. "ಸರ, ಒರಸಿದ್ರ ಒಳಗಿನ ಅಕ್ಷರಾನೂ ಹೋಗ್ತಾವೇನ್ರಿ?"

ನಿಜವಾಗಿ ತಿಳಿಯದೆ, ನನ್ನನ್ನು ನಂಬಿ ಕೇಳಿದ್ದರು. "ಹೋಗ್ಬಹುದು ಆಯಮ್ಮ" ಎಂದೆ.

ಅಂದಿನಿಂದ ಅವರಿಗೆ ಆಫೀಸಿನೊಳಗೆ ಕೆಲಸವಿಲ್ಲ. ಅಂಗಳ, ಶೌಚಾಲಯ ಅಷ್ಟೇ. ಜೂನ್‌ನ ಮಾತೂ ಬಿದ್ದುಹೋಯಿತು. ನನ್ನ ಹೂಜಿಯನ್ನು ನಾನೇ ತುಂಬಿಸಿಕೊಳ್ಳತೊಡಗಿದೆ.

ಏಪ್ರಿಲ್, ಮೇ ಪೂರ್ತಿ ರಜೆಯಲ್ಲೂ ಬಂದು ನಾನು ರಿಜಿಸ್ಟರ್ ಓದಿದೆ, ಹುಡುಗಿ ಟೈಪ್ ಮಾಡಿದಳು. ನಡುನಡುವೆ ನನಗೆ ಪಾಠ. ಈ ಸಲ ಗೊತ್ತು ಎನ್ನದೆ ಕೂತು ಕಲಿತೆ. "ಸರ್, ಬಾಣ ಇರೋದು ಬರೀ ದಾರಿ ತೋರ್ಸುತ್ತೆ. ಮನೆ ಒಳಗಡೆ ಇದೆ. ಮನೆ ಕೆಡವಿಬಿಟ್ರೆ ಬೋರ್ಡ್ ಇಟ್ಕೊಂಡು ಏನ್ಮಾಡೋದು?" ಎಂದು ನಗುತ್ತಿದ್ದಳು. ಒಂದು ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಿ, ಮರುದಿನ ಅದು ಅಲ್ಲೇ ಇರುವುದನ್ನು ಕಂಡಾಗ ಮಗುವಿನಂತೆ ಖುಷಿಪಟ್ಟೆ. ಆಗಲೂ ಕಿಟಕಿಯಾಚೆ ಆಯಮ್ಮನ ಪೊರಕೆಯ ಸದ್ದು ಕೇಳುತ್ತಿತ್ತು.

ಮರುವರ್ಷ ಆಯಮ್ಮ ನರ್ಸರಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಕಾಯಂ ಆದರು. "ಚಲೋ ಆತ್ರಿ ಸರ. ಕಂಪ್ಯೂಟರಿಗಿಂತ ಕೂಸುಗಳೇ ವಾಸಿ. ಎಷ್ಟು ಒರಸಿದ್ರೂ ಎಲ್ಲೂ ಹೋಗೂದಿಲ್ಲ" ಎಂದು ನಕ್ಕರು. ಆ ನಗುವಿನ ಮುಂದೆ ಹೇಳಿಬಿಡಬಹುದಿತ್ತು. ನಾನೂ ನಕ್ಕುಬಿಟ್ಟೆ.

ನಿವೃತ್ತಿಯ ದಿನ ಧೈರ್ಯ ಮಾಡಿ ಟೈಪಿಸ್ಟ್ ಹುಡುಗಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ.

"ನಂಗೆ ಅವತ್ತೇ ಗೊತ್ತಿತ್ತು ಸರ್. ಬಟ್ಟೇಲಿ ಒರೆಸಿದ್ರೆ ಕಸದ ಬುಟ್ಟಿ ಖಾಲಿ ಆಗುತ್ತಾ?"

"ಮತ್ಯಾಕಮ್ಮ ಹೇಳ್ಲಿಲ್ಲ?"

"ಹೊಸಬಳು, ಭಯ. ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ ಕಾದೆ. ನಾನೂ ತಪ್ಪು ಮಾಡ್ದೆ." ಮತ್ತೆ ಮೆಲ್ಲಗೆ, "ಆದ್ರೆ ಸಾರಿ ಕೇಳ್ಬೇಕಾಗಿರೋದು ನನ್ನನ್ನಲ್ಲ, ಸರ್" ಎಂದಳು.

ಹೊರಗೆ ಆಯಮ್ಮ ಮಗುವೊಂದರ ಬೂಟಿನ ಲೇಸು ಕಟ್ಟುತ್ತಿದ್ದರು. "ಆರಾಮ ಇರ್ರಿ ಸರ" ಎಂದರು. ಕೈ ಮುಗಿದು ಗೇಟು ದಾಟಿದೆ.

ನಮ್ಮ ಬಡಾವಣೆಯ ವಾಚನಾಲಯಕ್ಕೆ ಈಚೆಗೆ ಯಾರೋ ಕೊಟ್ಟ ಕಂಪ್ಯೂಟರ್ ಬಂದಿದೆ. ಅದರಲ್ಲಿರುವುದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಂತೆ, ಎಲ್ಲವೂ ಮತ್ತೆ ಬೇರೆ ಬೇರೆ ಜಾಗದಲ್ಲಿದೆ. ಈ ಸಲ ಹೆದರಲಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಕೇಳಿದೆ. ನಾಲ್ಕೇ ದಿನದಲ್ಲಿ ದಾರಿ ಸಿಕ್ಕಿತು. ಇದನ್ನು ಅದರಲ್ಲೇ ಟೈಪ್ ಮಾಡಿ, ಒಳಗಿನ ಫೋಲ್ಡರಿನಲ್ಲಿ ಇಟ್ಟು, ಇದೆಯೇ ಎಂದು ಎರಡು ಸಲ ತೆರೆದು ನೋಡಿದ್ದೇನೆ.

ಶಾಲೆಗೆ ಫೋನ್ ಮಾಡಿ ವಿಚಾರಿಸಿದೆ. ಅವರು ಇನ್ನೂ ನರ್ಸರಿಯಲ್ಲೇ ಇದ್ದಾರೆ, ಮಕ್ಕಳು ಹನ್ನೆರಡಕ್ಕೆ ಮನೆಗೆ ಹೋಗುತ್ತವೆ, ಆಮೇಲೆ ಅವರಿಗೆ ಬಿಡುವು ಇರುತ್ತದಂತೆ. ಸೋಮವಾರ ಹನ್ನೆರಡಕ್ಕೆ ಗೇಟಿನ ಬಳಿ ಇರುತ್ತೇನೆ. ಕಾಗದ ಕೊಟ್ಟು ಬರುವುದಿಲ್ಲ, ಎದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಒರೆಸಿದರೆ ಅಕ್ಷರ ಹೋಗುವುದಿಲ್ಲ ಎಂಬ ಉತ್ತರವನ್ನೂ ಕೊಡಬೇಕು. ಆ ಪ್ರಶ್ನೆ ಕೇಳಿದವರು, ನಾನು ಇವತ್ತಿನವರೆಗೂ ಕ್ಷಮೆ ಕೇಳದವರು, ದಿನವೂ ನನ್ನ ಹೂಜಿಗೆ ನೀರು ತುಂಬಿಸಿಡುತ್ತಿದ್ದ ಆಯಮ್ಮ.