ಮೊದಲ ಸಲಕ್ಕೆ ಹೂಂ ಅನ್ನದ ಬಾಸಿಲಿಯಾ

ಎತ್ತರದ ಬೆಟ್ಟದೂರು ಎಲ್ ಆಲ್ತೊದ ಆ ಸಂತೆಬೀದಿಯಲ್ಲಿ ಬಾಸಿಲಿಯಾ ತಿಕೋನಾಳ ಹತ್ತಿರ ಜಾಗ ಕೇಳಿ ಮೊದಲ ಸಲಕ್ಕೇ ಪಡೆದವರಿಲ್ಲ. ಹಿಮದಲ್ಲಿಟ್ಟು, ಕಾಲಲ್ಲಿ ತುಳಿದು ಒಣಗಿಸಿದ ಕರಿ ಆಲೂಗಡ್ಡೆ, ಅಂದರೆ ಚುನ್ಯೋ, ಅವಳ ವ್ಯಾಪಾರ. ಪಕ್ಕದ ಈರುಳ್ಳಿಯವಳು ಚೀಲ ಇಡಲು ಮೊಳ ಕೇಳಿದರೆ ಇವಳು ಮೊದಲು ಇಲ್ಲ ಅನ್ನಬೇಕು, ಅವಳು ಗೇಣಿಗೆ ಇಳಿಯಬೇಕು, ಮತ್ತೆ ಇಲ್ಲ ಅಂದಮೇಲೆ ಬೆರಳಿಗೆ ಬರಬೇಕು. ಅದು ಬೀದಿಯ ರಿವಾಜು. ಸರ್ಕಾರದ ವಿರುದ್ಧ ಊರೇ ರಸ್ತೆ ಮುಚ್ಚಿದ ದಿಗ್ಬಂಧನದ ವರ್ಷ ಹೆದ್ದಾರಿಗೆ ಅಡ್ಡ ಕಲ್ಲು ಹೊತ್ತು ಹಾಕಿ ಅಶ್ರುವಾಯು ಕುಡಿದವಳು. ಆ ಕೆಮ್ಮು ಈಗಲೂ ಚಳಿಗಾಲಕ್ಕೆ ಬಂದು ವಿಚಾರಿಸಿಕೊಂಡು ಹೋಗುತ್ತದೆ. ಅದನ್ನು ಯಾರಾದರೂ ತ್ಯಾಗ ಅಂದರೆ ಅವಳಿಗೆ ಮೈ ಉರಿಯುತ್ತದೆ. "ತ್ಯಾಗ ಎಂಥದ್ದು? ನಮ್ಮ ರಸ್ತೆ, ಮುಚ್ಚಿದ್ವಿ."

ಈಗ ಹೋಗುವುದರಲ್ಲಿದ್ದದ್ದು ಆ ಬೀದಿಯೇ. ಬಡಾವಣೆ ಸಮಿತಿಯ ಅಧ್ಯಕ್ಷ ದೋನ್ ಎಲೆಯುತೇರಿಯೊ ಅಪಾಸಾ, ಹೆಂಗಸರೆಲ್ಲ ಅಂಗಡಿ ಕಿತ್ತು ಗುಡ್ಡದ ಹಿಂದಕ್ಕೆ ಹೋಗಲು ಒಪ್ಪಿದ್ದಾರೆಂದು ಊರೆಲ್ಲ ಸಾರಿದ್ದ. ಭಾನುವಾರದ ಸಭೆಯಲ್ಲಿ ಅವರ ಪರವಾಗಿ ಒಪ್ಪಿಗೆ ಪತ್ರಕ್ಕೆ ರುಜು ಹಾಕುವವನಿದ್ದ. ಆದರೆ ಅವನು ಹೆಂಗಸರನ್ನು ಕರೆದು ಕೂರಿಸಿದ್ದ ದಿನ ಬಾಸಿಲಿಯಾಳ ಲಂಗದ ಜೇಬಿನಲ್ಲಿ ಫೋನು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಇಡೀ ಮಧ್ಯಾಹ್ನದ ಗಲಾಟೆ. ಬಡಾವಣೆಯ ರೇಡಿಯೊದವರು ಗುರುವಾರದ ಸಂತೆಯ ಹೊತ್ತಿಗೆ ಹತ್ತು ನಿಮಿಷ ಕೊಡುತ್ತೇವೆ, ಅಷ್ಟಕ್ಕೆ ಕತ್ತರಿಸಿ ತಾ ಅಂದರು. ಆ ರೇಡಿಯೊದಲ್ಲಿ ಮಾತು ಯಾರದೋ ಕತ್ತರಿಯೂ ಅವರದೇ.

ಗುರುವಾರ ಬೆಳಿಗ್ಗೆ ರೇಡಿಯೊ ಕೋಣೆಗೆ ಹೋದಳು. ಅಲ್ಲಿದ್ದದ್ದು ಗುಜರಿ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಹೆಕ್ಕಿ ಕೂಡಿಸಿದ ಕಂಪ್ಯೂಟರು. ಮೇಷ್ಟ್ರಮ್ಮ ನಿಯೆವೆಸ್ ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದ್ದಳು. ಫೋನಿನ ದನಿಯನ್ನು ಅದರೊಳಕ್ಕೆ ಇಳಿಸಿಯೂ ಇದ್ದಳು. ದನಿ ಕತ್ತರಿಸುವ ಸಾಫ್ಟ್‌ವೇರ್ ಮಾತ್ರ ಇನ್ನೂ ಇರಲಿಲ್ಲ.

"ನಂಗೆ ಸ್ಕೂಲಿನ ಗಂಟೆ ಹೊಡೀತದೆ ಕೊಮಾದ್ರೆ," ಎಂದು ನಿಯೆವೆಸ್ ಗೆಳತಿಗಾಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದಳು. "ಈ ಕಪ್ಪು ಪರದೆ ಮೇಲೆ ಇದನ್ನ ಹಂಗೇ ಬಡಿ, ಕತ್ತರಿಸೋ ಸಾಫ್ಟ್‌ವೇರ್ ತಾನೇ ಬಂದು ಕೂತ್ಕೊಳತ್ತೆ. ಗುಟ್ಟಿನ ಪದ ಕೇಳತ್ತೆ, ಗೊತ್ತಲ್ಲ. ಬಡೀವಾಗ ಅಕ್ಷರ ಕಾಣಲ್ಲ, ಹೆದರ್ಬೇಡ."

"ಪೊಲೀಸಿಗೇ ಹೆದರ್ಲಿಲ್ಲ ಕಣೇ. ಹೋಗು."

ಒಂದೊಂದೇ ಕೀಲಿ ಹುಡುಕಿ ಬಡಿದಳು. ಪರದೆಯ ಮೇಲೆ ಸಾಲುಸಾಲಾಗಿ ಏನೇನೋ ಹರಿದು, ಕೊನೆಗೆ ಒಂದು ಪ್ರಶ್ನೆ ನಿಂತಿತು: ಇದರ ಜೊತೆಗೆ ಇಷ್ಟು ಬಿಡಿಭಾಗಗಳೂ ಬರುತ್ತವೆ, ಇಷ್ಟು ಜಾಗ ಹಿಡಿಯುತ್ತವೆ, ಮುಂದುವರಿಯಲೇ? ಹೌದೋ ಇಲ್ಲವೋ?

ಜಾಗ! ಬಾಸಿಲಿಯಾ ಕುರ್ಚಿಯಲ್ಲಿ ನೆಟ್ಟಗಾದಳು. ಒಬ್ಬರನ್ನು ಕರೆದರೆ ಸಂಸಾರ ಸಮೇತ ಬಂದು ಜಾಗ ಕೇಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇಲ್ಲ ಅನ್ನುವ ಅಕ್ಷರ ಒತ್ತಿದಳು. ಕೆಲಸ ಕೈಬಿಟ್ಟೆ ಎಂದು ಹೇಳಿ ಯಂತ್ರ ಸುಮ್ಮನಾಯಿತು. ಇಳಿಯುತ್ತದೆ ಎಂದುಕೊಂಡು ಸಾಲನ್ನು ಮತ್ತೆ ಬಡಿದಳು. ಅದೇ ಜಾಗ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಮತ್ತೆ ಇಲ್ಲ ಅಂದಳು. ಮತ್ತೆ ಅದೇ.

"ಎಲಾ ಇವನ," ಎಂದು ಎದ್ದು, ಲಂಗ ಕೊಡವಿ, ಸಂತೆಯಲ್ಲಿ ಮಾಡುವ ಹಾಗೆ ಬಾಗಿಲ ತನಕ ನಡೆದಳು. ಯಾರೂ ಹಿಂದಕ್ಕೆ ಕರೆಯಲಿಲ್ಲ. ಬದಲಿಗೆ ಬಾಗಿಲಲ್ಲಿ, ಸುದ್ದಿ ತಿಳಿದು ಬಂದ ದೋನ್ ಎಲೆಯುತೇರಿಯೊ ನಿಂತಿದ್ದ.

"ಏನು ದೋನ್ಯಾ ಬಾಸಿಲಿಯಾ, ಆಗ್ತಿಲ್ವಾ?" ಎಂದು ನಕ್ಕ. "ಆಲೂಗಡ್ಡೆ ತುಳಿಯೋ ಕಾಲಿಗೂ ಕಂಪ್ಯೂಟರಿಗೂ ಎಲ್ಲಿಂದೆಲ್ಲಿಗೆ? ಆ ಫೋನು ಇತ್ತ ಕೊಡಿ. ನಮ್ಮ ಆಫೀಸಲ್ಲಿ ನೀಟಾಗಿ ಕತ್ತರಿಸಿ ಕೊಡ್ತೀನಿ."

"ಕತ್ತರಿಸ್ತೀರಿ, ಗೊತ್ತು. ನರಿ ಬಂದು ಲಾಮಾ ಮರಿ ಉಣ್ಣೆ ಕತ್ತರಿಸ್ತೀನಿ ಅಂದಿತ್ತಂತೆ."

"ಹೆಂಗಸರು ಒಪ್ಪಿ ಆಗಿದೆ. ಇನ್ನ್ಯಾಕೆ ಈ ರಗಳೆ?"

"ಯಾವಾಗ ಒಪ್ಪಿದ್ವಿ?"

"ಬೇಡ ಬೇಡ ಅಂದು ಆಮೇಲೆ ಒಪ್ಪೋದೇ ನಿಮ್ಮ ಪದ್ಧತಿ ಅಲ್ವೇ? ಅದಕ್ಕೇ ಒಪ್ಪಿದ್ರಿ ಅಂತ ನಾನೇ ಬರೆಸ್ದೆ."

ಅವಳು ಅವನ ಮುಖಕ್ಕೆ ಬಾಗಿಲು ಹಾಕಿ, ಚಿಲಕ ಜಡಿದು, ನಿಯೆವೆಸ್‌ಗೆ ಫೋನು ಹಚ್ಚಿದಳು. "ಲೇ, ಈ ನಿನ್ನ ಯಂತ್ರ ಮೊಂಡು. ಎಷ್ಟು ಸಲ ಇಲ್ಲ ಅಂದ್ರೂ ಜಾಗ ಇಳಿಸ್ತಿಲ್ಲ."

ಆ ಕಡೆಯಿಂದ ಮಕ್ಕಳ ಗದ್ದಲದ ನಡುವೆ ಬಿದ್ದುಬಿದ್ದು ನಗು ಕೇಳಿತು. "ಅಯ್ಯೋ ಕೊಮಾದ್ರೆ! ಅದು ಚೌಕಾಶಿಗೆ ಕೂತಿಲ್ಲ. ಎಷ್ಟು ಬೇಕೋ ಅಷ್ಟೇ ಕೇಳಿದೆ. ನಿನ್ನ ಒಪ್ಪಿಗೆಗೆ ಕಾಯ್ತಿದೆ. ಇಲ್ಲ ಅಂದ್ರೆ ಇಲ್ಲ ಅಂತಲೇ ತಗೊಳತ್ತೆ, ಒಳಗೆ ಏನನ್ನೂ ಮುಟ್ಟಲ್ಲ."

"ಇಲ್ಲ ಅಂದ್ರೆ ಇಲ್ಲ ಅಂತಲೇ?"

"ಹೂಂ ಮತ್ತೆ."

ಬಾಸಿಲಿಯಾ ಫೋನಿಟ್ಟು ಪರದೆಯನ್ನು ದಿಟ್ಟಿಸಿದಳು. ಗಂಡನಾಗಲಿ, ಮೇಯರಾಗಲಿ, ಹೊರಗೆ ಬಾಗಿಲು ಬಡಿಯುತ್ತಿದ್ದವನಾಗಲಿ, ಅವಳ ಇಲ್ಲ ಅನ್ನುವ ಮಾತನ್ನು ಹಾಗೆ ತೆಗೆದುಕೊಂಡವರಿರಲಿಲ್ಲ. "ಗುಜರಿಗಾದ್ರೂ ಮಾನ ಇದೆ," ಎಂದು ಗೋಡೆಯ ಸಾಲನ್ನು ಮತ್ತೆ ಬಡಿದು, ಹೌದು ಒತ್ತಿದಳು. ಗೆರೆಗಳು ಓಡಿದವು. ಬಿಡಿಭಾಗಗಳೆಲ್ಲ ಕೊಸರಿನ ಹಾಗೆ ಬಂದು ಬಿದ್ದವು.

ಕತ್ತರಿಸುವಾಗ ಎರಡು ಸಲ ತಪ್ಪಿ ತನ್ನ ದನಿಯನ್ನೇ ಹಾರಿಸಿದಳು, ಬೈದುಕೊಂಡು ವಾಪಸ್ ತಂದಳು. ಅಧ್ಯಕ್ಷನ ಭಾಷಣದಲ್ಲಿ ಉಳಿಸಿದ್ದು ಒಂದೇ ಪ್ರಶ್ನೆ: "ಹೋಗ್ತೀರಿ ತಾನೇ?" ಅದರ ಹಿಂದೆಯೇ ಹೆಂಗಸರೆಲ್ಲ ಕೂಗಿದ ಇಲ್ಲ. ಆಮೇಲೆ ಒಬ್ಬೊಬ್ಬರು ಹೆಸರು ಹೇಳಿ ಹೇಳಿದ ಇಲ್ಲ.

ಮಧ್ಯಾಹ್ನ ಬೀದಿಯುದ್ದಕ್ಕೂ ಅಂಗಡಿ ಅಂಗಡಿಯ ರೇಡಿಯೊದಲ್ಲಿ ಅದು ಮೊಳಗಿತು. ಈರುಳ್ಳಿಯವಳು ತನ್ನ ದನಿ ಬಂದ ಕೂಡಲೇ ತಕ್ಕಡಿ ಬಿಟ್ಟು ಎದ್ದು ನಿಂತಳು.

ಭಾನುವಾರ ದೋನ್ ಎಲೆಯುತೇರಿಯೊ ಪೆನ್ನು ತೆಗೆದಾಗ, "ಮೊದಲು ನಮ್ಮನ್ನ ಕೇಳಿ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಊರೆಲ್ಲ ರೇಡಿಯೊ ಕೇಳಿಯಾಗಿತ್ತು. ಅವನು ಕೇಳಲೇಬೇಕಾಯಿತು. ಉತ್ತರ ಬಂತು. ಪೆನ್ನು ಮತ್ತೆ ಜೇಬಿಗೆ ಹೋಯಿತು. ಮುಂದಿನ ವರ್ಷ ಅವನೋ ಅವನಂಥವನೋ ಮತ್ತೆ ಬರುತ್ತಾನೆ, ಅದು ಬೀದಿಗೆ ಗೊತ್ತು.

ಬಾಸಿಲಿಯಾ ಈಗ ರೇಡಿಯೊದಲ್ಲಿ ವಾರಕ್ಕೊಮ್ಮೆ ಮಾತಾಡುತ್ತಾಳೆ, ಆ ಯಂತ್ರಕ್ಕೆ ಬೇಕಾದ್ದನ್ನು ತಾನೇ ಹಾಕುತ್ತಾಳೆ. ಜಾಗ ಕೇಳಿದರೆ ಇವತ್ತಿಗೂ ಮೊದಲ ಸಲ ಇಲ್ಲ ಒತ್ತುತ್ತಾಳೆ. ನಿಯೆವೆಸ್ ಹಣೆ ಚಚ್ಚಿಕೊಂಡರೆ, "ನೋಡ್ತಿದೀನಿ ಕಣೇ," ಅನ್ನುತ್ತಾಳೆ, "ಇದು ಇನ್ನೂ ಇಲ್ಲ ಅಂದ್ರೆ ಇಲ್ಲ ಅಂತಲೇ ತಗೊಳತ್ತೋ, ಅಧ್ಯಕ್ಷ ಆಗಿಬಿಟ್ಟಿದ್ಯೋ ಅಂತ."